ಸೇದದ ಬಾವಿ

"ಬಲೆ ತೆಗೀಬೇಡಿ ಅಮ್ಮಾ, ಇರಲಿ ಬಿಡಿ. ಚೆನ್ನಾಗಿದೆ."

ಕಂಪನಿಯವನ ಈ ಮಾತು ಕೇಳಿ ಸೊಪ್ಪಿನಮ್ಮ ಎತ್ತಿದ ಪೊರಕೆಯನ್ನು ಹಾಗೇ ಹಿಡಿದು ನಿಂತಳು. ಹಿತ್ತಲ ಬಾವಿಯ ರಾಟೆಗೆ ಜೇಡ ಬಲೆ ಕಟ್ಟಿತ್ತು. ಅವನು ಫೋನು ಎತ್ತಿ ಅದರದೇ ಫೋಟೊ ತೆಗೆದ. ಕಂಪನಿ ಪುಕ್ಕಟೆಯಾಗಿ ಹಾಕಿಸಿಕೊಟ್ಟ ಕೊಳಾಯಿಯನ್ನಾಗಲಿ, ಆ ನೀರು ಕುಡಿದು ನಳನಳಿಸುತ್ತಿದ್ದ ಸೊಪ್ಪಿನ ಮಡಿಗಳನ್ನಾಗಲಿ ತಿರುಗಿಯೂ ನೋಡಲಿಲ್ಲ.

"ಈ ಮನೆಗೆ ಬಂದಾಗಿಂದ ಗುಡಿಸಿಲ್ಲ ಅಂತ ಬೈಸಿಕೊಂಡಿದ್ದೇ ಆಯ್ತಪ್ಪ. ಹೊಗಳಿಸಿಕೊಂಡಿದ್ದು ಇವತ್ತೇ," ಎಂದಳು.

ಅವನು ನಕ್ಕ. ಆ ನಗು ಹಲ್ಲು ದಾಟಿ ಒಳಗಿಳಿದಂತೆ ಕಾಣಲಿಲ್ಲ.

ಹಿತ್ತಲ ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ ಗಂಡ ಕಂಪನಿ ತೋಟದ ಕಾವಲುಗಾರ. ಅವನಿಗೆ ರೇಗಿತು. "ಕೊಟ್ಟ ಕೈಯಲ್ಲೂ ಹುಳುಕು ಹುಡುಕ್ತೀಯಲ್ಲೇ! ಪುಣ್ಯಾತ್ಮರು ನೀರು ಕೊಡ್ತಿದಾರೆ, ತೆಪ್ಪಗಿರು."

"ನೀರು ಕೊಡೋನು ಮೇಲಿದಾನೆ ರೀ. ಇವರ ಕೈಲಿರೋದು ಬರೀ ಕೊಳಾಯಿ ತಿರುಪು." ಅವಳು ಕಂಪನಿಯವನ ಕಡೆ ತಿರುಗಿದಳು. "ಅಲ್ಲಪ್ಪ, ಪಕ್ಕದ ಮನೆ ಅಕ್ಕನ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದ್ರಲ್ಲ, ಯಾಕೆ?"

"ಅದು ಪಾಳು ಬಾವಿ ಅಮ್ಮ."

"ಪಾಳು? ತುಂಬ ನೀರಿತ್ತಲ್ಲಪ್ಪ ಅದರಲ್ಲಿ!"

"ನೀರಿದ್ರೇನು, ಕೊಳಾಯಿ ಬಂದ ಮೇಲೆ ಸೇದೋರಿರಲಿಲ್ಲ. ಒಂದು ವರ್ಷ ಸೇದದಿದ್ರೆ ಪಾಳು ಅಂತ ಹೊಸ ಕಾಯಿದೆ. ಪಾಳು ಬಾವಿ ನೀರೆಲ್ಲ ಕಂಪನಿ ತೋಟಕ್ಕೆ." ಬಾಯಿ ಜಾರಿತೆಂದು ಹೊಳೆದು ಅವನು ಗಂಡನ ಮುಖ ನೋಡಿದ.

ಬೀಗ ಬಿದ್ದಾಗಿನಿಂದ ಅಕ್ಕನ ಕೊಳಾಯಿ ನೀರು ಬಿಡದೆ ಬರೀ ಕೆಮ್ಮುತ್ತಿರುವುದು ಸೊಪ್ಪಿನಮ್ಮನಿಗೆ ನೆನಪಾಯಿತು. ತನ್ನ ಮಡಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ನಮ್ಮದಕ್ಕೆ ವರ್ಷ ಯಾವಾಗ ತುಂಬುತ್ತೆ?"

"ನಾಳೆಗೆ..."

ಪೊರಕೆ ಬಿಸಾಡಿ, ಕೊಡ ಎತ್ತಿಕೊಂಡು, ಹಗ್ಗಕ್ಕೆಂದು ಗೋಡೆಯ ಗೂಟಕ್ಕೆ ಕೈ ಹಾಕಿದಳು. ಗೂಟ ಬೋಳಾಗಿತ್ತು.

"ರೀ, ಹಗ್ಗ ಎಲ್ಲಿ?"

"ಇಲಿ ಕಡಿದಿತ್ತು ಕಣೇ, ಎಸೆದುಬಿಟ್ಟೆ." ಗಂಡ ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಯಾವ ಇಲಿ?"

ಅವನು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ. ಸೊಪ್ಪಿನಮ್ಮ ಒಳಗೆ ಹೋಗಿ, ಮದುವೆಯಾದಂದಿನಿಂದ ಇಬ್ಬರೂ ಹೊದೆಯುತ್ತಿದ್ದ ಹೊದಿಕೆಯನ್ನು ತಂದಳು. ಅದನ್ನು ಉದ್ದುದ್ದಕ್ಕೆ ಪರಪರ ಹರಿದು, ದೇವರ ಹೆಸರು ಹೇಳಿಕೊಂಡು ಗಂಟು ಹಾಕಿ, ಕೊಡದ ಕೊರಳಿಗೆ ಬಿಗಿದು ಬಾವಿಗಿಳಿಸಿದಳು.