ಅಜ್ಜಿಯ ಗಪ್

ಹುಣಸೆಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಇಂದಿಗೂ ನನಗೆ ಕುಷ್ಟಗಿಯ ನಮ್ಮ ಅಂಗಳದ ಆ ಮಧ್ಯಾಹ್ನವೇ ಎದುರಿಗೆ ಬರುತ್ತದೆ.

ಅಜ್ಜಿ ಕಂಬಳಿಯ ನೂಲಿಗೆ ಕುಂಚದಿಂದ ಗಂಜಿ ಹಚ್ಚುತ್ತಿದ್ದಳು. ಅವಳ ಬಾಯಲ್ಲಿ ಎಲ್ಲಕ್ಕೂ ಒಂದೇ ಮಾತು. ಜಗಳವಾಡಿದರೆ "ಗಪ್ ಕುಂದರ್ರಿ". ಗಾಳಿ ನಿಂತರೆ "ಗಪ್ಪಾತು ನೋಡು". ಕದ್ದು ಬೆಲ್ಲ ಕೊಡುವಾಗ "ಗಪ್ ತಿಂದ್ಬಿಡು".

"ಅದು ನಿಜಾಮನ ಸಿಪಾಯಿಗೋಳು ತಂದ ಮಾತು," ಎಂದ ಅಜ್ಜ.

"ಯಾವ ಸಿಪಾಯಿ? ಗಡಿಗಿ ಮ್ಯಾಲೆ ಮುಚ್ಚಳ ಬಿದ್ರ ಗಪ್ ಅಂತೈತಿ. ಅಲ್ಲಿಂದ ಬಂದೈತಿ," ಎಂದು ಅಜ್ಜಿ ರೇಗಿದಳು.

ಬೆಳಗಿನಿಂದ ಜ್ವರದಲ್ಲಿ ಅಳುತ್ತಿದ್ದ ತಮ್ಮ ತೊಟ್ಟಿಲಲ್ಲಿ ಸುಮ್ಮನಾದ.

"ಅಜ್ಜೀ, ತಮ್ಮ ಗಪ್ಪಾದ!" ನಾನು ಖುಷಿಯಿಂದ ಕೂಗಿದೆ.

ಅಜ್ಜಿ ಬಂದು ಅವನ ಎದೆಯ ಮೇಲೆ ಕೈಯಿಟ್ಟಳು. ಕೈಯ ಗಂಜಿ ಅವನ ಅಂಗಿಗೆ ಹತ್ತಿತು. ಅವಳು ಕೈ ತೆಗೆಯಲೇ ಇಲ್ಲ.

ಅವ್ವ ಚೀರಿದಳು. ಅಂಗಳದಲ್ಲಿ ಅರ್ಧಕ್ಕೆ ಬಿಟ್ಟ ನೂಲು ಬಿಸಿಲಿಗೆ ಕಟ್ಟಿಗೆಯಂತೆ ಸೆಟೆಯುತ್ತಿತ್ತು. ಓಡಿಬಂದ ಓಣಿಯ ಹೆಂಗಸರು ಅವ್ವನ ಬೆನ್ನು ಸವರುತ್ತ, "ಗಪ್ಪಾಗವ್ವ, ಗಪ್ಪಾಗು," ಎಂದರು.

ಅಜ್ಜಿ ತಲೆಯೆತ್ತಿದಳು.

"ಅಳಲಿ ಬಿಡ್ರಿ. ಆಕೀಗೆ ಯಾರೂ ಗಪ್ ಅನಬ್ಯಾಡ್ರಿ."