ಗಟ್ಟಿ ಹಲಗೆ

ಪರಮಶಿವಪ್ಪ ದೋಣಿಯ ಹೊರಮೈಗೆ ಕಿವಿಯೊತ್ತಿ ನಿಂತಿದ್ದ. ಹೊನ್ನಾವರದಲ್ಲಿ ಅಗ್ಗಕ್ಕೆ ಕೊಂಡ ಹಳೆಯ ಹಾಯಿದೋಣಿ ಈಗ ಸೊರಬದ ಅವನ ಮರದ ಅಡ್ಡೆಯಲ್ಲಿ ದಿಮ್ಮಿಗಳ ಮೇಲೆ ಕೂತಿತ್ತು. ಬಡಗಿ ಮಾಸ್ತಪ್ಪ ಒಳಗಿನಿಂದ ಒಂದೊಂದೇ ಹಲಗೆಗೆ ಕೊಡತಿಯಿಂದ ತಟ್ಟುವುದೆಂದು ಮಾತಾಗಿತ್ತು. ಸದ್ದು ಮಂಕಾಗಿ ಕೇಳಿದರೆ ಆ ಹಲಗೆ ಕೊಳೆತಿದೆ ಎಂದರ್ಥ. ಟಕ್, ಟಕ್. ಎಲ್ಲವೂ ಗಟ್ಟಿ.

"ಹಲಗೆಗೆ ಒಂದು ನಯಾಪೈಸೆ ಖರ್ಚಿಲ್ಲ ಕಣೇ! ನಿನ್ನ ಬಳೆ ಮಾರಿದ್ರೆ ಹಾಯಿ, ಹಗ್ಗ, ಲಂಗರು ಎಲ್ಲಾ ಆಗ್ತವೆ. ದೀಪಾವಳಿ ಕಳೀತಿದ್ದಂಗೆ ನಡುಸಮುದ್ರಕ್ಕೆ ಹೊರಟೆ."

"ಈಜು ಬರದೋರಿಗೆ ನಡುಸಮುದ್ರವೇ ಬೇಕಂತೆ," ಎನ್ನುತ್ತ ಹೆಂಡತಿ ರಾಜೇಶ್ವರಮ್ಮ ಬಳೆ ಬಿಚ್ಚಿ ಕೈಚಾಚಿದಳು.

ಆಗ ಬಾವಿಯ ಕಡೆಯಿಂದ ಮಾಸ್ತಪ್ಪ ಬಾಯೊರೆಸಿಕೊಳ್ಳುತ್ತ ಬಂದ. ಕೊಡತಿ ಅವನ ಕೈಯಲ್ಲೇ ಇತ್ತು. "ತಡ ಆಯ್ತು ರೀ ಸಾಹುಕಾರ್ರೆ. ಶುರು ಮಾಡೋಣ್ವಾ?"

ದೋಣಿಯೊಳಗಿನ ಪೆಟ್ಟು ಮುಂದಿನ ಹಲಗೆಗೆ ಸರಿಯಿತು. ರಾಜೇಶ್ವರಮ್ಮ ಬಳೆಗಳನ್ನು ಒಂದೊಂದಾಗಿ ಮತ್ತೆ ಕೈಗೇರಿಸಿಕೊಂಡಳು.