ಸ್ಟೇಷನ್ ಇದ್ದ ಜಾಗ

“ಈ ಸ್ಟೇಷನ್ ಇದ್ದದ್ದು ನಮ್ಮನೆ ಜಾಗದಲ್ಲೇ ಕಣ್ರೀ, ಬೆಟ್ ಕಟ್ತೀರಾ?” ಎಂದರು ಪದ್ಮರಾಜಯ್ಯ. ಅಪರಿಚಿತ ಯುವಕನೊಬ್ಬ ತಂದಿದ್ದ ಹಳೆಯ ಫೋಟೊದಲ್ಲಿ, ಎಂದೋ ಕಿತ್ತುಹಾಕಿದ ರೈಲುದಾರಿಯ ಪಕ್ಕ ಒಂದು ಪುಟ್ಟ ಸ್ಟೇಷನ್ ಇತ್ತು.

ಪಕ್ಕದ ಮನೆಯ ಸಂಪಂಗಪ್ಪನವರಿಗೆ ಮೈಯೆಲ್ಲ ಉರಿಯಿತು. ಫೋಟೊ ನೋಡಿ ಜಾಗ ಹೇಳುವುದರಲ್ಲಿ ಅವರು ಆ ಬೀದಿಯಲ್ಲಿ ಯಾರಿಗೂ ಸೋತವರಲ್ಲ.

“ಸುಮ್ನಿರ್ರೀ, ನಿಮ್ಮನೇಲಿ ಸೈಕಲ್ ನಿಲ್ಸೋಕೇ ಜಾಗ ಇಲ್ಲ, ರೈಲೆಲ್ಲಿ ನಿಲ್ಲುತ್ತೆ?” ಎನ್ನುತ್ತ ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆರೆದರು. “ಇಲ್ನೋಡಪ್ಪ, ಫೋಟೊದಲ್ಲಿರೋ ದುಂಡು ಬಾವಿ ಇದೇ. ಹಳಿ ತಿರುಗಿರೋದು ಹೀಗೆ. ಪ್ಲಾಟ್‌ಫಾರ್ಮು ನಮ್ಮ ಅಡುಗೆಮನೆಯಿಂದ ಗೇಟಿನವರೆಗೂ ಇತ್ತು!”

ಯುವಕ ಎರಡನ್ನೂ ಹೋಲಿಸಿ ನೋಡಿ ತಲೆಯಾಡಿಸಿದ. “ನೀವು ಹೇಳಿದ್ದೇ ಸರಿ ಸಾರ್. ಇದನ್ನೇ ಬರೆದು ಒಂದು ಸಹಿ ಹಾಕಿಕೊಡ್ತೀರಾ?”

ಪದ್ಮರಾಜಯ್ಯ ಮುಖ ತಿರುಗಿಸಿದರು. ಸಂಪಂಗಪ್ಪನವರು ಬರೆದು, ದೊಡ್ಡದಾಗಿ ಸಹಿ ಹಾಕಿದರು. “ಹಳೇ ರೈಲುಗಳ ಮೇಲೆ ಪುಸ್ತಕ ಬರೀತಿರ್ಬೇಕು ನೀನು. ನನ್ನ ಹೆಸರು ಹಾಕ್ತೀಯ ತಾನೆ?”

“ನಿಮ್ಮ ಹೆಸರು, ತಂದೆ ಹೆಸರು, ಮನೆ ನಂಬರು, ಎಲ್ಲಾ ಬರುತ್ತೆ ಸಾರ್” ಎಂದ ಯುವಕ, ಬೀದಿಯಲ್ಲಿ ನಿಂತಿದ್ದ ಜೀಪಿನತ್ತ ಕೈ ಬೀಸಿದ.

ಬಣ್ಣದ ಡಬ್ಬಿ ಹಿಡಿದವನೊಬ್ಬ ಇಳಿದುಬಂದು, ಸಂಪಂಗಪ್ಪನವರ ಕಾಂಪೌಂಡಿನ ಮೇಲೆ ‘ರೈಲ್ವೆ ಆಸ್ತಿ’ ಎಂದು ಬರೆಯತೊಡಗಿದ.